ವಿಳಾಸವಿರುವ ಹಲ್ಲು

ಕಳೆದ ಬೇಸಿಗೆಯಲ್ಲಿ ತುಂಗೆಯ ನೀರು ಇಳಿದು, ತೀರ್ಥಹಳ್ಳಿಯ ಕಮಾನು ಸೇತುವೆಯ ಕೆಳಗಿನ ಬಂಡೆಗಳೆಲ್ಲ ಬೆನ್ನು ತೋರಿಸುತ್ತಿದ್ದ ದಿನಗಳಲ್ಲಿ ತಮ್ಮನ ಮಗ ಏದುಸಿರು ಬಿಡುತ್ತ ಮನೆಗೆ ಬಂದ. ಮುಚ್ಚಿದ ಮುಷ್ಟಿಯನ್ನು ನನ್ನ ಮುಂದೆ ಚಾಚಿ, "ದೊಡ್ಡಪ್ಪ, ಶಾರ್ಕ್ ಹಲ್ಲು!" ಎಂದ. ಅಂಗೈಯಲ್ಲಿದ್ದದ್ದು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ, ಮೂರು ಮೂಲೆಯ ಕಪ್ಪು ಚಕ್ಕೆ. ಒಂದು ಮೂಲೆ ಚೂಪಾಗಿತ್ತು. ನಾನು ಪೆಟ್ಟಿಗೆಯಲ್ಲಿ ಕೂಡಿಟ್ಟಿರುವ ಶಾರ್ಕ್ ಹಲ್ಲಿನ ಪಳೆಯುಳಿಕೆಗಳನ್ನು ಅವನು ಹತ್ತಾರು ಸಲ ನೋಡಿದ್ದಾನೆ. ಬಣ್ಣ, ಆಕಾರ, ಗಾತ್ರ ಮೂರೂ ಹೊಂದಿದ್ದವು. ಎಂಟನೆಯ ತರಗತಿಯ ಹುಡುಗ ಇನ್ನೇನು ತಾನೇ ಅಂದುಕೊಳ್ಳುತ್ತಾನೆ?

ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿದೆ: "ಹಲ್ಲು ಎಲ್ಲಿ ಮುಗಿಯುತ್ತದೆ, ಬೇರು ಎಲ್ಲಿ ಶುರುವಾಗುತ್ತದೆ?" ಅವನು ತಿರುಗಿಸಿ ಮುರುಗಿಸಿ ನೋಡಿದ. ಒದ್ದೆ ಮಾಡಿ ನೋಡಿದ. ಕೊನೆಗೆ, "ಎಲ್ಲ ಕಡೆಯೂ ಒಂದೇ ಥರ ಇದೆ" ಎಂದ, ದನಿ ಇಳಿಸಿ. ಕಲ್ಲು ಒಂದೇ ವಸ್ತು, ಹಲ್ಲು ಎರಡು. ಮೇಲಿನ ಕಿರೀಟಕ್ಕೆ ಗಾಜಿನಂಥ ಹೊಳಪಿನ ಕವಚ ಇರುತ್ತದೆ. ಕೆಳಗಿನ ಬೇರು ಮಂಕು, ಒರಟು, ಹತ್ತಿರದಿಂದ ನೋಡಿದರೆ ಹುಳ ಹಿಡಿದ ಮರದಂತೆ ಸಣ್ಣ ಸಣ್ಣ ತೂತು. ಇವೆರಡರ ನಡುವೆ ಒಂದು ಗಡಿ ಇದ್ದೇ ಇರುತ್ತದೆ. ಇವನ ಚಕ್ಕೆಯ ಅಂಚಿನಲ್ಲಿ ಕಾಣುತ್ತಿದ್ದದ್ದು ತೆಳುವಾದ ಪದರುಗಳು, ಒಂದರ ಮೇಲೊಂದು. ನಮ್ಮ ಹೊಳೆಯ ಕಪ್ಪು ಪದರುಗಲ್ಲು. ನೀರು ಅದನ್ನು ಹಲ್ಲಿನ ಆಕಾರಕ್ಕೆ ಉಜ್ಜಿತ್ತು.

ತುಂಗೆಯಲ್ಲಿ ಶಾರ್ಕ್ ಹಲ್ಲು ಯಾಕೆ ಸಿಗುವುದಿಲ್ಲ ಎಂದು ಹುಡುಗನಿಗೆ ಹೇಳಬೇಕಾಯಿತು. ಹೇಳುತ್ತ ಹೋದಂತೆ ಈ ಹವ್ಯಾಸದ ಅರ್ಧ ಪಾಠ ಅದರೊಳಗೇ ಇದೆ ಎನ್ನಿಸಿತು. ಶಿವಮೊಗ್ಗದ ಸುತ್ತಮುತ್ತ ನಮ್ಮ ಕಾಲ ಕೆಳಗಿರುವುದು ಧಾರವಾಡ ಶಿಲಾಸಮೂಹ ಮತ್ತು ಅದಕ್ಕೂ ಹಳೆಯ ನೈಸ್ ಶಿಲೆ. 250 ಕೋಟಿ ವರ್ಷಕ್ಕಿಂತ ಈಚಿನದು ಬಹಳ ಕಡಿಮೆ. ಶಾರ್ಕ್ ವಂಶದ ಹಲ್ಲುಗಳು ಸಿಗತೊಡಗುವುದು ಸುಮಾರು 40 ಕೋಟಿ ವರ್ಷಗಳಿಂದ ಈಚೆಗೆ. ಅಂದರೆ ನಮ್ಮ ಬಂಡೆ ಗಟ್ಟಿಯಾಗಿ, ಮಡಿಸಿ, ಬೆಂದು, ಮತ್ತೆ ತಣ್ಣಗಾಗಿ ಇನ್ನೂರು ಕೋಟಿ ವರ್ಷ ಕಳೆದರೂ ಜಗತ್ತಿನ ಯಾವ ಸಮುದ್ರದಲ್ಲೂ ಹಲ್ಲಿರುವ ಒಂದು ಪ್ರಾಣಿ ಹುಟ್ಟಿರಲಿಲ್ಲ. ಹಾಗೆಂದು ನಮ್ಮ ಕಲ್ಲು ಬರಡಲ್ಲ. ಶಿವಮೊಗ್ಗದಿಂದ ಸಾಗರದ ದಾರಿಯಲ್ಲಿ ಸಿಗುವ ಕುಂಸಿಯ ಬಳಿಯ ಸುಣ್ಣಶಿಲೆಯಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಪದರ ಪದರವಾಗಿ ಕಟ್ಟಿದ ದಿಬ್ಬಗಳು ಅವು. ಪಳೆಯುಳಿಕೆ ಬೇಕು ಎನ್ನುವವನಿಗೆ ಮಲೆನಾಡು ಕೊಡುವುದು ಅದನ್ನು. ಹಲ್ಲು ಕೇಳಿದರೆ ಕೊಡುವುದಿಲ್ಲ. ಮನೆ ಕಟ್ಟಲು ಕಡಿಯುವ ಜಂಬಿಟ್ಟಿಗೆಯಲ್ಲೂ ಹುಡುಕಬೇಡಿ. ಅದು ಮಳೆ ಬಿಸಿಲಿಗೆ ಕಲ್ಲೇ ಕೊಳೆತು ಉಳಿದ ಕಬ್ಬಿಣದ ಗಸಿ; ಅದರೊಳಗೆ ಎಂದಾದರೂ ಸುಣ್ಣದ ಚಿಪ್ಪೋ ಮೂಳೆಯೋ ಇದ್ದಿದ್ದರೂ ನೀರು ಎಂದೋ ಕರಗಿಸಿಕೊಂಡು ಹೋಗಿರುತ್ತಿತ್ತು.

ಒಂದು ತಮಾಷೆಯೆಂದರೆ, ಸಮುದ್ರದ ಪಳೆಯುಳಿಕೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ದಿನವೂ ಸ್ನಾನ ಮಾಡುತ್ತಿದೆ. ದೇವರ ಪೆಟ್ಟಿಗೆಯ ಸಾಲಿಗ್ರಾಮ ನೇಪಾಳದ ಗಂಡಕಿ ನದಿಯಿಂದ ಬಂದದ್ದು. ಅದರೊಳಗಿನ ಚಕ್ರ ಅಮೊನೈಟ್ ಎಂಬ ಸಮುದ್ರಜೀವಿಯ ಸುರುಳಿ ಚಿಪ್ಪು. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಕಡಲಿನ ಕೆಸರಿನಲ್ಲಿ, ಸುಮಾರು 15 ಕೋಟಿ ವರ್ಷಗಳ ಹಿಂದೆ, ಹೂತು ಹೋದದ್ದು. ಅಮ್ಮನಿಗೆ ಇದನ್ನು ಹೇಳಿದಾಗ, "ಅದಕ್ಕೇ ಅದು ದೇವರು" ಎಂದಳು. ವಾದಿಸಲು ನನ್ನಲ್ಲಿ ಏನೂ ಇರಲಿಲ್ಲ.

ಹಲ್ಲಿನ ಕಥೆಯೂ ಒಂದು ಕಾಲದಲ್ಲಿ ಹೀಗೇ ಆಕಾಶದ ಕಡೆಗೆ ಹೋಗಿತ್ತು. ಯೂರೋಪಿನಲ್ಲಿ ಬೆಟ್ಟದ ಕಲ್ಲುಗಳೊಳಗೆ ಸಿಗುತ್ತಿದ್ದ ಈ ಮೂರು ಮೂಲೆಯ ಕಲ್ಲುಗಳನ್ನು 'ನಾಲಿಗೆಕಲ್ಲು' ಎನ್ನುತ್ತಿದ್ದರು. ಅವು ಚಂದ್ರಗ್ರಹಣದ ಹೊತ್ತಿನಲ್ಲಿ ಆಕಾಶದಿಂದ ಬೀಳುತ್ತವೆ ಎಂಬ ನಂಬಿಕೆಯನ್ನು ಒಂದನೆಯ ಶತಮಾನದಲ್ಲಿ ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಸಿಡಿಲು ಬಿದ್ದ ಜಾಗದಲ್ಲಿ ಕಲ್ಲು ಸಿಗುತ್ತದೆ ಎನ್ನುವವರು ನಮ್ಮಲ್ಲೂ ಉಂಟಲ್ಲ, ಹಾಗೆ. 1666ರಲ್ಲಿ ಇಟಲಿಯ ಲಿವೊರ್ನೊ ಬಳಿ ಮೀನುಗಾರರು ಒಂದು ಭಾರೀ ಶಾರ್ಕ್ ಹಿಡಿದರು. ಅದರ ತಲೆಯನ್ನು ಕತ್ತರಿಸಿ ನೋಡುವ ಕೆಲಸ ಫ್ಲಾರೆನ್ಸ್‌ನಲ್ಲಿದ್ದ ಡೆನ್ಮಾರ್ಕಿನ ಅಂಗರಚನಾ ಶಾಸ್ತ್ರಜ್ಞ ನಿಕೋಲಾಸ್ ಸ್ಟೆನೊಗೆ ಬಂತು. ಬಾಯಿಯೊಳಗಿನ ಹಲ್ಲು ಮತ್ತು ನಾಲಿಗೆಕಲ್ಲು ಒಂದೇ ಎಂದು ಅವನು ಮರುವರ್ಷ ಬರೆದ. ಹಾಗೆ ಹೇಳಿದವರಲ್ಲಿ ಅವನೇ ಮೊದಲಿಗನಲ್ಲ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಸಮುದ್ರದ ಪ್ರಾಣಿಯ ಹಲ್ಲು ಬೆಟ್ಟದ ಕಲ್ಲಿನೊಳಗೆ ಹೇಗೆ ಹೊಕ್ಕಿತು ಎಂದು ಕೇಳಿಕೊಂಡು, ಆ ಕಲ್ಲು ಒಮ್ಮೆ ಕೆಸರಾಗಿತ್ತು, ಕೆಳಗಿನ ಪದರ ಮೊದಲು ಬಂದದ್ದು, ಮೇಲಿನದು ಆಮೇಲೆ ಬಂದದ್ದು ಎಂಬಲ್ಲಿಗೆ ತಲುಪಿದ. ಭೂವಿಜ್ಞಾನದ ಅಡಿಗಲ್ಲುಗಳಲ್ಲಿ ಒಂದು ಹೀಗೆ ಶಾರ್ಕಿನ ಬಾಯಿಂದ ಬಂದದ್ದು.

ಇಷ್ಟೊಂದು ಹಲ್ಲು ಸಿಗುವುದಾದರೂ ಯಾಕೆ? ಶಾರ್ಕಿನ ಅಸ್ಥಿಪಂಜರ ಮೂಳೆಯದಲ್ಲ. ನಮ್ಮ ಕಿವಿ ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿಯದು. ಸತ್ತ ಮೇಲೆ ಬೇಗ ಕೊಳೆಯುತ್ತದೆ. ಹಲ್ಲು ಮಾತ್ರ ಗಟ್ಟಿ. ಅದರ ಹೊರಕವಚದಲ್ಲಿರುವುದು ಫ್ಲೋರಿನ್ ಸೇರಿದ ಕ್ಯಾಲ್ಸಿಯಂ ಫಾಸ್ಫೇಟ್. ಅದಲ್ಲದೆ ಈ ಹಲ್ಲುಗಳು ನಮ್ಮವುಗಳಂತೆ ದವಡೆಯ ಗುಳಿಯಲ್ಲಿ ಕೂತಿರುವುದಿಲ್ಲ, ಚರ್ಮಕ್ಕೆ ಅಂಟಿಕೊಂಡಿರುತ್ತವೆ. ಮುಂದಿನದು ಉದುರಿದರೆ ಹಿಂದಿನ ಸಾಲಿನದು ಮುಂದೆ ಬರುತ್ತದೆ. ಬಾಳೆಗಿಡ ಗೊನೆ ಕೊಟ್ಟು ಬಿದ್ದರೆ ಪಕ್ಕದಲ್ಲಿ ಕಂದು ಸಿದ್ಧವಾಗಿ ನಿಂತಿರುತ್ತದಲ್ಲ, ಅದೇ ಏರ್ಪಾಡು. ನಿಂಬೆ ಶಾರ್ಕಿನ ಮರಿಗಳಲ್ಲಿ ಒಂದು ಹಲ್ಲು ಎಂಟು ದಿನದ ಆಸುಪಾಸಿನಲ್ಲಿ ಬದಲಾಗುವುದನ್ನು ನೋಡಿದವರಿದ್ದಾರೆ. ಒಂದು ಶಾರ್ಕ್ ತನ್ನ ಆಯುಷ್ಯದಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ. ಕೋಟಿ ಕೋಟಿ ವರ್ಷ, ಎಲ್ಲ ಸಮುದ್ರಗಳಲ್ಲಿ, ಹೀಗೆ ಉದುರಿಸುತ್ತ ಬಂದರೆ ಲೆಕ್ಕ ಏನಾದೀತು ಯೋಚಿಸಿ. ಕೆಸರಿನಲ್ಲಿ ಬೇಗ ಮುಚ್ಚಿಹೋದದ್ದು ಉಳಿಯಿತು, ಉಳಿದದ್ದರ ತೂತುಗಳೊಳಗೆ ಅಂತರ್ಜಲದ ಖನಿಜ ಇಳಿಯಿತು. ಬಿಳಿಯ ಹಲ್ಲು ಕಪ್ಪೋ, ಕಂದೋ, ಬೂದುನೀಲಿಯೋ ಆಗುವುದು ಆಗ.

ಬಣ್ಣದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಹೊಸಬರು ಎಡವುವುದು ಇಲ್ಲಿಯೇ. ಹೆಚ್ಚು ಕಪ್ಪಾದರೆ ಹೆಚ್ಚು ಹಳೆಯದು ಎಂದೇನೂ ಇಲ್ಲ. ಹಲ್ಲು ಮಲಗಿದ್ದ ಮಣ್ಣಿನಲ್ಲಿ ಏನಿತ್ತೋ ಆ ಬಣ್ಣ ಅದಕ್ಕೆ ಬರುತ್ತದೆ. ಕಬ್ಬಿಣವಿದ್ದಲ್ಲಿ ಕೆಂಪು ಕಂದು. ಮೊರಾಕ್ಕೊದ ಐದು ಕೋಟಿ ವರ್ಷದ ಹಲ್ಲು ಬೆಣ್ಣೆಯ ಬಣ್ಣದ್ದಿರುತ್ತದೆ, ಫ್ಲಾರಿಡಾದ ಅದಕ್ಕಿಂತ ಎಷ್ಟೋ ಎಳೆಯ ಹಲ್ಲು ಇದ್ದಿಲಿನಂತಿರುತ್ತದೆ.

ಫ್ಲಾರಿಡಾ ಎಂದೆ. ನನ್ನ ಪೆಟ್ಟಿಗೆ ತುಂಬಿದ್ದು ಬಹುಪಾಲು ಅಲ್ಲಿಂದ. ಅಕ್ಕನ ಮಗ ಅಲ್ಲಿ ಕೆಲಸದಲ್ಲಿದ್ದಾನೆ. ವೆನಿಸ್ ಎಂಬ ಊರಿನ ಕಡಲತೀರಕ್ಕೆ ಸಮುದ್ರದೊಳಗಿನ ಹಳೆಯ ಪದರಗಳು ಸವೆದು ಹಲ್ಲುಗಳು ಬಂದು ಬೀಳುತ್ತವೆ. ಶಾರ್ಕ್ ಹಲ್ಲಿನ ರಾಜಧಾನಿ ಎಂದು ಊರು ತನ್ನನ್ನು ತಾನೇ ಕರೆದುಕೊಳ್ಳುತ್ತದೆ. ಆ ರಾಜ್ಯದ ಸರ್ಕಾರಿ ಜಾಗದಲ್ಲಿ ಕಶೇರುಕಗಳ ಪಳೆಯುಳಿಕೆ ಆರಿಸಲು ಪರವಾನಗಿ ಬೇಕು, ಶಾರ್ಕ್ ಹಲ್ಲಿಗೆ ಮಾತ್ರ ವಿನಾಯಿತಿ. ಎರಡು ವರ್ಷದ ಹಿಂದೆ ಊರಿಗೆ ಬರುವಾಗ ಅವನು ಜರಡಿಯಲ್ಲಿ ಉಳಿದ ಚರಳನ್ನು ಚೆನ್ನಾಗಿ ತೊಳೆದು ಒಣಗಿಸಿ, ಅರ್ಧ ಕಿಲೋ ಸಕ್ಕರೆಯ ಪೊಟ್ಟಣದಷ್ಟು ತಂದಿದ್ದ. ನಾನು ಚಾವಡಿಯಲ್ಲಿ ಪತ್ರಿಕೆ ಹಾಸಿ, ಚಿಮುಟ ಹಿಡಿದು ಒಂದೊಂದೇ ಕಾಳು ಸರಿಸುತ್ತ ಕುಳಿತೆ. ಒಂದು ಗಂಟೆಯಲ್ಲಿ ಮೂರು ಹಲ್ಲು. ಕತ್ತು ಹಿಡಿಯಿತು.

ಅಮ್ಮ ಸ್ವಲ್ಪ ಹೊತ್ತು ನೋಡಿದಳು. "ಆ ಮೊರ ಕೊಡು ಇಲ್ಲಿ" ಎಂದಳು. ಮೊದಲು ರವೆ ಜರಡಿಯಲ್ಲಿ ಒಮ್ಮೆ, ಚಹಾ ಸೋಸುವ ಜಾಲರಿಯಲ್ಲಿ ಒಮ್ಮೆ ಹಾಕಿ ಗಾತ್ರ ಬೇರೆ ಮಾಡಿಸಿದಳು. ಆಮೇಲೆ ಮೊರದ ಒಂದು ಅಂಚನ್ನು ತುಸು ಎತ್ತಿ, ಅಕ್ಕಿಯಲ್ಲಿ ಕಲ್ಲು ತೆಗೆಯುವಾಗ ಮಾಡುವಂತೆ, ಬೆರಳ ತುದಿಯಿಂದ ಸಣ್ಣಗೆ ತಟ್ಟುತ್ತ ಹೋದಳು. ಚಿಪ್ಪಿನ ಚೂರು, ಹಗುರ ಮರಳು ಮುಂದೆ ಮುಂದೆ ಸರಿದವು. ಹಿಂದೆ ಒಂದು ಕಪ್ಪು ಗೆರೆ ಉಳಿಯಿತು. ಸಾಮಾನ್ಯ ಮರಳು ನೀರಿಗಿಂತ ಎರಡೂವರೆ ಪಟ್ಟಿಗೆ ಸ್ವಲ್ಪ ಹೆಚ್ಚು ತೂಕದ್ದು. ಹಲ್ಲಿನ ಫಾಸ್ಫೇಟ್ ಮೂರು ಪಟ್ಟಿಗೂ ಮೇಲೆ. ಒಂದೇ ಗಾತ್ರದ ಕಾಳುಗಳಾದರೆ ಆ ಸಣ್ಣ ವ್ಯತ್ಯಾಸ ಮೊರಕ್ಕೆ ಸಾಕು. ಅರ್ಧ ಗಂಟೆಯಲ್ಲಿ ಇಪ್ಪತ್ತೆಂಟು ಹಲ್ಲು, ಹತ್ತಾರು ಬಾಚಣಿಗೆಯಂಥ ಕಪ್ಪು ಚೂರು. ಆ ಚೂರುಗಳು ತೊರಕೆ ಮೀನಿನ ಹಲ್ಲುಪಟ್ಟಿಗಳು. ಚಿಪ್ಪು ಅರೆಯಲು ತೊರಕೆ ಅಂಗಳದ ಹಾಸುಗಲ್ಲಿನಂತೆ ಹಲ್ಲು ಜೋಡಿಸಿಕೊಂಡಿರುತ್ತದೆ. ಶಾರ್ಕ್ ಹಲ್ಲು ಸಿಗುವ ಎಷ್ಟೋ ಕಡೆ ಅವೂ ಇರುತ್ತವೆ. ಹೊಸಬರು ಅವನ್ನು ಎಸೆಯುತ್ತಾರೆ. ನಾನೂ ಎಸೆದಿದ್ದೆ.

ಈಗ ಗುರುತಿಸುವ ಕೆಲಸ. ಇದು ಎಲ್ಲರೂ ಅಂದುಕೊಂಡದ್ದಕ್ಕಿಂತ ಕಷ್ಟ. ಕಾರಣವನ್ನು ಅಡಿಕೆ ಬೆಳೆಗಾರನಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಒಂದೇ ತೋಟದ ಅಡಿಕೆ ಮಂಡಿಗೆ ಹೋದಾಗ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ರಾಶಿಯಾಗುತ್ತದೆ. ತೋಟ ಗೊತ್ತಿಲ್ಲದವನಿಗೆ ಅವು ನಾಲ್ಕು ಜಾತಿಯ ಅಡಿಕೆ. ಹಾಗೆಯೇ ಒಂದೇ ಶಾರ್ಕಿನ ಬಾಯಲ್ಲಿ ಮುಂದಿನ ಹಲ್ಲು ನೆಟ್ಟಗೆ ಉದ್ದ, ಪಕ್ಕದ್ದು ಓರೆ, ಕೊನೆಯದು ಮೋಟು. ಅನೇಕ ಜಾತಿಗಳಲ್ಲಿ ಮೇಲ್ದವಡೆಯದು ಅಗಲ, ಕೆಳದವಡೆಯದು ಸಪೂರ. ಕೆಳಗಿನದು ಚುಚ್ಚಿ ಹಿಡಿಯಲು, ಮೇಲಿನದು ಕೊಯ್ಯಲು. 19ನೆಯ ಶತಮಾನದಲ್ಲಿ ಬಿಡಿ ಹಲ್ಲು ನೋಡಿ ಹೆಸರಿಟ್ಟ ಪಂಡಿತರು ಒಂದೇ ಪ್ರಾಣಿಗೆ ಎರಡು ಮೂರು ಹೆಸರಿಟ್ಟದ್ದು ಈ ಕಾರಣಕ್ಕೇ.

ಹಾಗಾಗಿ ಮೊದಲು ಒಂದು ಪೂರ್ತಿ ಬಾಯಿ ನೋಡಿರಬೇಕು. ಸ್ಟೆನೊ ಮಾಡಿದ್ದೂ ಅದನ್ನೇ. ನಾನು ಭಟ್ಕಳದ ಮೀನು ಮಾರುಕಟ್ಟೆಗೆ ಹೋದೆ. ಶಾರ್ಕಿಗೆ ಕೊಂಕಣಿಯವರು ಮೋರಿ ಎನ್ನುತ್ತಾರೆ. ನಮ್ಮ ಕರಾವಳಿಯ ಬುಟ್ಟಿಗಳಲ್ಲಿ ಹೆಚ್ಚಾಗಿ ಕಾಣುವುದು ಚಪ್ಪಟೆ ಮೂತಿಯ, ಮೊಳದುದ್ದದ ಸಣ್ಣ ಶಾರ್ಕ್. ತಲೆ ಮಾತ್ರ ಸಾಕು ಎಂದಾಗ ಮೀನು ಮಾರುವಾಕೆ ವಿಚಿತ್ರವಾಗಿ ನೋಡಿ, ದುಡ್ಡು ತೆಗೆದುಕೊಳ್ಳದೆ ಕೊಟ್ಟಳು. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮಾಂಸ ಬಿಡಿಸಿ, ದವಡೆಯನ್ನು ನೆರಳಲ್ಲಿ ಒಣಗಿಸಿದೆ. ಕುದಿಸಬೇಡಿ, ದವಡೆ ಕರಗಿ ಹಲ್ಲೆಲ್ಲ ಪಾತ್ರೆಯ ತಳ ಸೇರುತ್ತವೆ. ಎಳ್ಳಿನಷ್ಟು ಹಲ್ಲುಗಳು. ಭೂತಗನ್ನಡಿಯಲ್ಲಿ ನೋಡಿದರೆ ಒಳಗಡೆ ಸಾಲು ಸಾಲು ಬದಲಿ ಹಲ್ಲು ಮಡಿಸಿ ಮಲಗಿವೆ, ನಡುವಿನಿಂದ ಬದಿಗೆ ಹೋದಂತೆ ಓರೆ ಹೆಚ್ಚುತ್ತದೆ. ಅಂತರ್ಜಾಲದ ನೂರು ಚಿತ್ರ ಹೇಳದ್ದನ್ನು ಆ ಒಂದು ದವಡೆ ಹೇಳಿತು. ಒಂದು ಎಚ್ಚರಿಕೆ: ತಿಮಿಂಗಿಲ ಶಾರ್ಕ್, ಗರಗಸ ಮೀನು ಮುಂತಾದವು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವೆ. ಗರಗಸ ಮೀನಿನ ಮೂತಿಯನ್ನು ಯಾರಾದರೂ ಅಲಂಕಾರಕ್ಕೆಂದು ಕೊಟ್ಟರೂ ಮುಟ್ಟಬೇಡಿ.

ಹಲ್ಲನ್ನು ಕೈಯಲ್ಲಿ ಹಿಡಿದು ನೋಡುವ ಕ್ರಮ ಇದೆ. ಒಂದನ್ನು ತೆಗೆದುಕೊಂಡು ನೋಡೋಣ. ಅಮ್ಮನ ಮೊರದಿಂದ ಬಂದ ಇಪ್ಪತ್ತೆಂಟರಲ್ಲಿ ದೊಡ್ಡದು ಅದು, ಅಗಲ ಹೆಚ್ಚೆಂದರೆ ಹತ್ತು ರೂಪಾಯಿ ನಾಣ್ಯದಷ್ಟು. ಮೊದಲು ಎರಡು ಮೈಗಳು. ಒಂದು ಚಪ್ಪಟೆ, ಒಂದು ಉಬ್ಬು. ಚಪ್ಪಟೆ ಮೈ ತುಟಿಯ ಕಡೆಗಿದ್ದದ್ದು, ಉಬ್ಬು ನಾಲಿಗೆಯ ಕಡೆಗಿದ್ದದ್ದು. ಬೇರು ಎರಡು ಕವಲು, ಉಬ್ಬು ಮೈಯ ಕಡೆ ದಪ್ಪ. ಕಿರೀಟ ಅಗಲವಾದ ಮುಕ್ಕೋನ, ತುದಿ ಒಂದು ಪಕ್ಕಕ್ಕೆ ಬಾಗಿದೆ. ಪಕ್ಕದಲ್ಲಿ ಮರಿಮೊನೆಗಳಿಲ್ಲ. ಇನ್ನು ಅಂಚು. ಉಗುರಿನಿಂದ ಮೆಲ್ಲಗೆ ಸವರಿದರೆ ಭತ್ತ ಕೊಯ್ಯುವ ಕುಡುಗೋಲಿನಂತೆ ಗರಗರ ಎನ್ನುತ್ತದೆ. ಎರಡೂ ಅಂಚಿನಲ್ಲಿ ಕಚ್ಚುಗಳಿವೆ, ಒಳಬದಿಯ ಅಂಚಿನಲ್ಲಿ ಇನ್ನೂ ದಪ್ಪ. ನಾನು ಮೊದಲ ದಿನ ಹುಲಿ ಶಾರ್ಕ್ ಎಂದು ಬರೆದೆ. ಎರಡು ದಿನ ಬಿಟ್ಟು ತುದಿಯನ್ನು ನೋಡಿದೆ: ಕಚ್ಚುಗಳು ತುದಿ ಮುಟ್ಟುವ ಮುನ್ನವೇ ನಿಂತುಬಿಟ್ಟಿವೆ, ತುದಿಯ ಭಾಗ ಬ್ಲೇಡಿನಂತೆ ನಯ. ಹಾಗಾದರೆ ಅದು ಹುಲಿ ಶಾರ್ಕ್ ಅಲ್ಲ. ಹೆಮಿಪ್ರಿಸ್ಟಿಸ್ ಸೆರಾ, ಮೇಲ್ದವಡೆಯ ಹಲ್ಲು. ಅಳಿದುಹೋದ ಜಾತಿ, ಅದರ ನೆಂಟ ಒಂದು ಇನ್ನೂ ನಮ್ಮ ಹಿಂದೂ ಮಹಾಸಾಗರದಲ್ಲಿ ಈಜುತ್ತಿದೆ. ಇದೇ ಪ್ರಾಣಿಯ ಕೆಳದವಡೆಯ ಮುಂದಿನ ಹಲ್ಲು ದಬ್ಬಣದಂತೆ ಸಪೂರ. ಬುಡದಲ್ಲಿ ಒಂದೆರಡು ಮುಳ್ಳು ಬಿಟ್ಟರೆ ಕಚ್ಚೇ ಇಲ್ಲ. ಎರಡನ್ನೂ ಪಕ್ಕದಲ್ಲಿಟ್ಟರೆ ಒಂದೇ ಬಾಯಿಯವು ಎಂದು ದೇವರಾಣೆಗೂ ನಂಬಲಾಗದು.

ಹುಲಿ ಶಾರ್ಕಿನದು ಕೋಳಿಯ ಜುಟ್ಟಿನಂಥ ಆಕಾರ: ಒಂದು ಅಂಚು ಬಿಲ್ಲಿನಂತೆ ಬಾಗಿ, ಇನ್ನೊಂದರಲ್ಲಿ ಆಳವಾದ ಒಂದು ಕೊರಕಲು, ಕೊರಕಲಿನ ಕೆಳಗೆ ದಪ್ಪ ಕಚ್ಚುಗಳು. ಮೇಲೆ ಕೆಳಗೆ ಹೆಚ್ಚು ವ್ಯತ್ಯಾಸವಿಲ್ಲ. ನಿಂಬೆ ಶಾರ್ಕಿನದು ಇಂಗ್ಲಿಷಿನ ಟಿ ಅಕ್ಷರವನ್ನು ತಲೆಕೆಳಗು ಮಾಡಿದಂತೆ, ಕತ್ತಿಯಂಥ ನಯವಾದ ಅಂಚು. ಮರಳು ಹುಲಿ ಶಾರ್ಕಿನದು ಉದ್ದ ಸೂಜಿ, ಬುಡದ ಎರಡೂ ಪಕ್ಕ ಮರಿಮೊನೆ, ಬೇರಿನ ನಡುವೆ ಒಂದು ಗೀರು. ಮಾಕೊ ಶಾರ್ಕಿನದರಲ್ಲಿ ಕಚ್ಚೂ ಇಲ್ಲ, ಮರಿಮೊನೆಯೂ ಇಲ್ಲ. ಇನ್ನು ಕಾರ್ಕರೈನಸ್ ಎಂಬ ಕುಲ. ಗೂಳಿ ಶಾರ್ಕ್, ಕಪ್ಪು ರೆಕ್ಕೆತುದಿಯ ಶಾರ್ಕ್ ಎಲ್ಲ ಇದರೊಳಗೆ. ನನ್ನ ಇಪ್ಪತ್ತೆಂಟರಲ್ಲಿ ಹದಿನೈದು ಇದರವೇ. ಅಗಲ ಮುಕ್ಕೋನ, ಸಣ್ಣ ಕಚ್ಚು. ಬಿಡಿ ಹಲ್ಲಿನಿಂದ ಇದರ ಜಾತಿ ಹೇಳುವುದು ಬಹುತೇಕ ಸಲ ಆಗದ ಕೆಲಸ. ನುರಿತವರು 'ಕಾರ್ಕರೈನಸ್, ಜಾತಿ ಗೊತ್ತಿಲ್ಲ' ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ಪ್ರತಿಯೊಂದಕ್ಕೂ ಜಾತಿ ಹೆಸರಿರುವ ಸಂಗ್ರಹ ಕಂಡರೆ ನನಗೆ ಅನುಮಾನ ಶುರುವಾಗುತ್ತದೆ.

ಎಲ್ಲರೂ ಕೇಳುವುದು ಮೆಗಲೊಡಾನ್ ಎಂಬ ದೈತ್ಯ ಶಾರ್ಕನ್ನು. ಆ ಹಲ್ಲು 17 ಸೆಂಟಿಮೀಟರ್ ದಾಟಿದ್ದೂ ಇದೆ, ಅಂಗೈಗೆ ಹಿಡಿಸುವುದಿಲ್ಲ. ಸುಮಾರು 36 ಲಕ್ಷ ವರ್ಷಗಳ ಹಿಂದೆ ಅಳಿದುಹೋದ ಪ್ರಾಣಿ. ಇನ್ನೂ ಆಳ ಸಮುದ್ರದಲ್ಲಿದೆ ಎನ್ನುವುದು ಸಿನಿಮಾ ಮಾತು. ಇಂದಿನ ದೊಡ್ಡ ಬಿಳಿ ಶಾರ್ಕಿನ ಅಜ್ಜ ಎಂದು ಬಹಳ ಕಾಲ ತಿಳಿದಿದ್ದರು. ಹಲ್ಲನ್ನು ಹತ್ತಿರದಿಂದ ನೋಡಿದರೆ ಆ ನೆಂಟಸ್ತಿಕೆ ಯಾಕೆ ಮುರಿಯಿತೆಂದು ತಿಳಿಯುತ್ತದೆ. ಮೆಗಲೊಡಾನಿನ ಕಿರೀಟಕ್ಕೂ ಬೇರಿಗೂ ನಡುವೆ, ಉಬ್ಬು ಮೈಯಲ್ಲಿ, ಹದ್ದಿನ ರೆಕ್ಕೆಯಾಕಾರದ ಒಂದು ಮಂಕು ಪಟ್ಟಿ ಇದೆ, ಕಚ್ಚುಗಳು ಸಣ್ಣ ಮತ್ತು ಒಂದೇ ಸಮ. ಬಿಳಿ ಶಾರ್ಕಿನಲ್ಲಿ ಆ ಪಟ್ಟಿ ಇಲ್ಲ, ಕಚ್ಚು ದಪ್ಪ. ಮೆಗಲೊಡಾನಿನ ನಿಜವಾದ ವಂಶವನ್ನು ಹಲ್ಲುಗಳನ್ನೇ ಸಾಲಾಗಿಟ್ಟು ಓದಬಹುದು. ಸುಮಾರು ಆರು ಕೋಟಿ ವರ್ಷದ ಹಿಂದಿನ ಓಟೊಡಸ್ ಎಂಬ ಶಾರ್ಕಿನಲ್ಲಿ ಅಂಚು ನಯ, ಪಕ್ಕದಲ್ಲಿ ದೊಡ್ಡ ಮರಿಮೊನೆ. ಮುಂದಿನ ಪೀಳಿಗೆಗಳಲ್ಲಿ ಅಂಚಿಗೆ ಕಚ್ಚು ಬಂತು, ಮರಿಮೊನೆ ಕುಗ್ಗುತ್ತ ಬಂತು. ಕೊನೆಗೆ ಕಚ್ಚು ಉಳಿದು ಮರಿಮೊನೆ ಮಾಯವಾದದ್ದು ಮೆಗಲೊಡಾನ್. ಅದಕ್ಕೇ ಈಗ ಬಹಳ ಮಂದಿ ಅದನ್ನು ಓಟೊಡಸ್ ಕುಲಕ್ಕೆ ಸೇರಿಸುತ್ತಾರೆ. ಹಲ್ಲಿನ ಜೊತೆಗಿಡುವ ಹಳೆಯ ಚೀಟಿಗಳಲ್ಲಿ ಬೇರೆ ಕುಲದ ಹೆಸರು ಕಂಡರೆ ತಪ್ಪೆಂದು ಹರಿಯಬೇಡಿ. ಅದು ಆ ಕಾಲದ ತಿಳಿವಳಿಕೆ.

ಈ ವಂಶಾವಳಿ ಓದಲು ಬಂದದ್ದು ಹಲ್ಲಿನ ಅಂದದಿಂದಲ್ಲ. ಪ್ರತಿ ಹಲ್ಲೂ ಯಾವ ಪದರದಿಂದ ಬಂತು ಎಂದು ಯಾರೋ ಬರೆದಿಟ್ಟಿದ್ದರು, ಅದರಿಂದ. ನನ್ನ ಮಟ್ಟಿಗೆ ಈ ಹವ್ಯಾಸದ ಜೀವ ಇರುವುದು ಆ ಚೀಟಿಯಲ್ಲಿ. ಫ್ಲಾರಿಡಾದ ಪೀಸ್ ನದಿಯಲ್ಲಿ ಮೆಗಲೊಡಾನ್ ಹಲ್ಲಿನ ಪಕ್ಕದಲ್ಲೇ ಹಿಮಯುಗದ ಮ್ಯಾಮತ್ ಆನೆಯ ಹಲ್ಲು ಬಿದ್ದಿರುತ್ತದೆ. ಎರಡೂ ಕಪ್ಪು. ನದಿ ಬೇರೆ ಬೇರೆ ಕಾಲದ ಪದರ ಕೊರೆದು ಒಂದೇ ಮಡುವಿಗೆ ಸುರಿದಿದೆ, ನಡುವೆ ಲಕ್ಷಾಂತರ ವರ್ಷದ ಅಂತರ. ದಡದ ಪದರದಲ್ಲೇ ಕಚ್ಚಿಕೊಂಡಿದ್ದ ಹಲ್ಲಿನ ಮಾತು ಬೇರೆ, ಮಡುವಿನಲ್ಲಿ ಸಿಕ್ಕಿದ್ದರ ಮಾತು ಬೇರೆ. ಚೀಟಿಯಲ್ಲಿ ಅದನ್ನೂ ಬರೆಯಬೇಕು. ಎಲ್ಲಿ, ಯಾವ ಪದರ, ಪದರದಲ್ಲೇ ಇತ್ತೋ ಸಡಿಲವಾಗಿ ಬಿದ್ದಿತ್ತೋ, ಯಾರು, ಯಾವ ದಿನ. ಜಾತಿ ಹೆಸರು ತಪ್ಪಾದರೆ ಮುಂದೆ ಯಾರಾದರೂ ತಿದ್ದುತ್ತಾರೆ. ಊರು ಬರೆಯದಿದ್ದರೆ ತಿದ್ದಲು ಯಾರಿಂದಲೂ ಆಗದು.

ಕೊಂಡ ಹಲ್ಲಿನ ತೊಂದರೆಯೂ ಇದೇ. ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವುದು ಬಹುಪಾಲು ಮೊರಾಕ್ಕೊದ ಫಾಸ್ಫೇಟ್ ಗಣಿಗಳದು. ಹಲ್ಲು ಅಸಲಿಯೇ ಇರುತ್ತದೆ, ಆದರೆ ಒಂದರ ಕಿರೀಟಕ್ಕೆ ಇನ್ನೊಂದರ ಬೇರು ಅಂಟಿಸಿ, ಸಂದಿಗೆ ಮರಳು ಬೆರೆಸಿದ ಅಂಟು ಮೆತ್ತಿರುತ್ತಾರೆ. ನೋಟು ನೋಡುವ ನೇರಳೆ ದೀಪದ ಕೆಳಗೆ ಹಿಡಿದರೆ ಅಂಟು ಎಷ್ಟೋ ಸಲ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ಗಡಿರೇಖೆ ಎಲ್ಲಿ ಅತಿ ಚೆಂದವಾಗಿದೆಯೋ ಅಲ್ಲಿ ಕಣ್ಣಿಡಿ.

ನಮ್ಮ ದೇಶದಲ್ಲೂ ಹಲ್ಲಿನ ನೆಲಗಳಿವೆ. ಗುಜರಾತಿನ ಕಛ್, ಒಡಿಶಾದ ಬಾರಿಪದಾ, ಕೇರಳದ ಕೊಲ್ಲಂ ಬಳಿಯ ಸುಣ್ಣಶಿಲೆ, ರಾಜಸ್ಥಾನದ ಜೈಸಲ್ಮೇರ್. ಕರ್ನಾಟಕದವರಿಗೆ ಕುತೂಹಲದ್ದು ತಮಿಳುನಾಡಿನ ಅರಿಯಲೂರು, ಪೆರಂಬಲೂರು ಸೀಮೆ. ಡೈನೊಸಾರ್ ಕಾಲದ ಕಡಲು ಅಲ್ಲಿ ಒಳನುಗ್ಗಿತ್ತು. ಅಲ್ಲಿನ ಕಾರೈ ಪದರದಲ್ಲಿ ಟೈಕೋಡಸ್ ಎಂಬ ಶಾರ್ಕಿನ ಹಲ್ಲು ಸಿಕ್ಕಿದೆ: ಮೊನೆಯೇ ಇಲ್ಲ, ಅರೆಯುವ ಗುಂಡುಕಲ್ಲಿನಂತೆ ಗೀರು ಗೀರಾದ ದಪ್ಪ ಹಲ್ಲು, ಚಿಪ್ಪು ಪುಡಿ ಮಾಡಲು. ಅದನ್ನು ನೋಡಿದವರಲ್ಲಿ ಶಾರ್ಕ್ ಹಲ್ಲು ಎಂದು ಹೇಳುವವರು ನೂರಕ್ಕೆ ಒಬ್ಬರೂ ಇರಲಾರರು. ಇಂಥ ಕಡೆ ಹೋದರೆ ನೋಡಿ, ಚಿತ್ರ ತೆಗೆಯಿರಿ, ಜಮೀನಿನವರನ್ನು ಕೇಳಿ. ಭೂವಿಜ್ಞಾನ ಸರ್ವೇಕ್ಷಣಾಲಯ ಸ್ಮಾರಕವೆಂದು ಘೋಷಿಸಿದ ಜಾಗದಲ್ಲಿ ಒಂದು ಚರಳನ್ನೂ ಎತ್ತಬೇಡಿ. ಅಪರೂಪದ್ದು ಕಣ್ಣಿಗೆ ಬಿದ್ದರೆ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಹೇಳುವುದು ಒಳ್ಳೆಯದು.

ಕೊನೆಯದು ಮಳೆಗಾಲ. ಪರದೇಶದ ಪುಸ್ತಕಗಳಲ್ಲಿ ಇದರ ಬಗ್ಗೆ ಏನೂ ಇರುವುದಿಲ್ಲ, ಅವರಿಗೆ ನಮ್ಮ ಆಷಾಢ ಗೊತ್ತಿಲ್ಲ. ಹಲ್ಲಿಗೆ ತೇವದಿಂದ ಅಂಥ ಅಪಾಯವಿಲ್ಲ. ಅಪಾಯ ನಮ್ಮಿಂದ. ಸುಣ್ಣ ಮೆತ್ತಿದ್ದ ಒಂದು ಹಲ್ಲನ್ನು ನಾನು, ದೇವರ ದೀಪ ಬೆಳಗುವ ಹಾಗೆ, ರಾತ್ರಿಯಿಡೀ ಹುಣಸೆಹುಳಿಯಲ್ಲಿ ನೆನೆಸಿದೆ. ಬೆಳಿಗ್ಗೆ ಸುಣ್ಣ ಹೋಗಿತ್ತು, ಕಿರೀಟದ ಹೊಳಪೂ ಹೋಗಿತ್ತು, ಬೇರು ಉಗುರಿಗೆ ಪುಡಿಯಾಗುತ್ತಿತ್ತು. ಫಾಸ್ಫೇಟ್ ಹುಳಿಗೆ ಕರಗುತ್ತದೆ, ಅಷ್ಟೇ ವಿಷಯ. ಈಗ ಬರೀ ನೀರು, ಹಳೆಯ ಹಲ್ಲುಜ್ಜುವ ಬ್ರಷ್, ಗಟ್ಟಿ ಮಣ್ಣಿಗೆ ಬಿದಿರಿನ ಕಡ್ಡಿ. ವಾರ್ನಿಷ್, ಉಗುರು ಬಣ್ಣ ಬಳಿಯುವುದಿಲ್ಲ.

ಮಳೆಗಾಲ ನಿಜವಾಗಿ ತಿನ್ನುವುದು ಚೀಟಿಯನ್ನು. ಮೊದಲ ವರ್ಷ ಬಾಲ್ ಪೆನ್ನಿನಲ್ಲಿ ಬರೆದಿದ್ದೆ. ಶ್ರಾವಣ ಮುಗಿಯುವಷ್ಟರಲ್ಲಿ ಪೆಟ್ಟಿಗೆಯೊಳಗೆ ಬೂಷ್ಟು, ಶಾಯಿ ಹರಡಿ ನೀಲಿ ಮೋಡ, ಎರಡು ಚೀಟಿಗಳ ಅಂಚನ್ನು ಹುಳ ಮೆಂದಿತ್ತು. ಐದು ಹಲ್ಲುಗಳಿಗೆ ಊರೇ ಇಲ್ಲದಂತಾಯಿತು. ಅವನ್ನು ಬೇರೆ ಡಬ್ಬಿಯಲ್ಲಿಟ್ಟಿದ್ದೇನೆ, ಮಕ್ಕಳು ಮುಟ್ಟಿ ಆಡಲು. ಈಗ ಚೀಟಿ ಸೀಸದ ಕಡ್ಡಿಯಲ್ಲಿ, ದಪ್ಪ ಕಾಗದದ ಮೇಲೆ, ಪ್ರತಿ ಹಲ್ಲಿಗೂ ಮುಚ್ಚುವ ಪ್ಲಾಸ್ಟಿಕ್ ಚೀಲ, ಪೆಟ್ಟಿಗೆಯ ಮೂಲೆಯಲ್ಲಿ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣ. ಹರಳನ್ನು ತಿಂಗಳಿಗೊಮ್ಮೆ ಒಲೆಯ ಪಕ್ಕ ಇಟ್ಟು ಒಣಗಿಸುತ್ತೇನೆ. ಸಂಖ್ಯೆ ಹಾಕಿ ಒಂದು ಪುಸ್ತಕದಲ್ಲೂ ಬರೆದಿಡುತ್ತೇನೆ.

ತಮ್ಮನ ಮಗ ತನ್ನ ಚಕ್ಕೆಯನ್ನು ಎಸೆಯಲಿಲ್ಲ. ನಾನು ಸೀಸದ ಕಡ್ಡಿ ಕೊಟ್ಟೆ. ನಾಲಿಗೆಯ ತುದಿ ಹೊರಗಿಟ್ಟು, ಒಂದೊಂದೇ ಅಕ್ಷರ ಒತ್ತಿ ಬರೆದ. ಅದು ಈಗ ಪೆಟ್ಟಿಗೆಯಲ್ಲಿ ಹೆಮಿಪ್ರಿಸ್ಟಿಸ್ ಪಕ್ಕದ ಮನೆಯಲ್ಲಿದೆ, 29ನೆಯ ನಂಬರು: "ಹಲ್ಲು ಅಲ್ಲ. ಕಪ್ಪು ಪದರುಗಲ್ಲು. ತೀರ್ಥಹಳ್ಳಿ, ತುಂಗಾ ನದಿ, ಕಮಾನು ಸೇತುವೆಯ ಕೆಳಗೆ ಎಡದಡ, ಸಡಿಲವಾಗಿ ಬಿದ್ದಿತ್ತು. ಸಿಕ್ಕಿದ್ದು ನನಗೆ."